ಸಂಪೂರ್ಣ ನಿಶ್ಶಬ್ದ ಅಲೆಯಂತ್ರ

ಕಿವಿ ಸಾಹೇಬರ ಮನೆಯ ಹಾಲ್‌ನಲ್ಲಿ ಸಮುದ್ರ ಕೆಟ್ಟು ನಿಂತಿತ್ತು. ಸಮುದ್ರ ಎಂದೊಡನೆ ಗಾಬರಿಯಾಗಬೇಡಿ. ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಅಳೆದು ಉಪ್ಪು ಬೆರೆಸಿದ ನೀರು, ಒಂದು ಮುಷ್ಟಿ ಗಾತ್ರದ ಹವಳ, ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನು, ಅಷ್ಟೇ. ಆದರೆ ಕಡಲಿನ ಮೀನುಗಳ ಠೀವಿಯೇ ಬೇರೆ. ನಿಂತ ನೀರು ಅವುಗಳಿಗೆ ಆಗಿಬರುವುದಿಲ್ಲ. ನೀರು ಸದಾ ಓಡಾಡುತ್ತಿರಬೇಕು, ಇಲ್ಲದಿದ್ದರೆ ಕಸ ತಳದಲ್ಲಿ ಕೂತು ಕೊಳೆತು ಮೊದಲು ಹವಳ ಹೋಗುತ್ತದೆ, ಆಮೇಲೆ ಮೀನು. ಹಾಗೆ ನೀರನ್ನು ಓಡಾಡಿಸುತ್ತಿದ್ದ ಪುಟ್ಟ ಅಲೆಯಂತ್ರ ಸೋಮವಾರ ಬೆಳಿಗ್ಗೆ ಕಣ್ಣು ಮುಚ್ಚಿತ್ತು.

ಅಂಗಡಿಯವನು ಮೊದಲು ಒಳ್ಳೆಯ ಯಂತ್ರವೊಂದನ್ನು ತೋರಿಸಿದ. ಬೆಲೆ ಕೇಳಿ ಸಾಹೇಬರು ತಮ್ಮ ಮೀನುಗಳ ಹಾಗೆಯೇ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಆಗ ಮೂಲೆಯಲ್ಲಿದ್ದ ಇನ್ನೊಂದು ಡಬ್ಬಿ ಕಣ್ಣಿಗೆ ಬಿತ್ತು. ಬೆಲೆ ಕಾಲು ಭಾಗ. ಮೇಲೆ ದಪ್ಪಕ್ಷರದಲ್ಲಿ ‘ಸಂಪೂರ್ಣ ನಿಶ್ಶಬ್ದ’ ಎಂದು ಬರೆದಿತ್ತು.

“ಇದು ನಿಜವಾಗ್ಲೂ ಸದ್ದು ಮಾಡಲ್ವಾ?”

“ಡಬ್ಬಿ ಮೇಲೆ ಬರ್ದಿದಾರಲ್ಲ ಸಾರ್,” ಎಂದ ಅಂಗಡಿಯವನು. ತನ್ನ ಕಡೆಯಿಂದ ಒಂದಕ್ಷರವನ್ನೂ ಸೇರಿಸಲಿಲ್ಲ.

ಸದ್ದಿನ ವಿಷಯ ಕೇಳಲು ಕಾರಣವಿತ್ತು. ಸಾಹೇಬರ ಹೆಂಡತಿ ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವಳು. ದಿನವಿಡೀ ಪೀಂ, ಪೀಂ ಎಂಬ ಸದ್ದಿನ ಜೊತೆ ಸಂಸಾರ ಮಾಡಿ ಮನೆಗೆ ಬಂದವಳಿಗೆ ಮೌನವೇ ಊಟ, ಮೌನವೇ ನಿದ್ದೆ. ತೊಟ್ಟಿ ಮನೆಗೆ ಬಂದ ದಿನವೇ ಆಕೆ ಷರತ್ತು ಹಾಕಿದ್ದಳು. “ನೀರು ಚೆಲ್ಲಿದ್ರೆ ಒರೆಸ್ಕೋತೀನಿ. ಸದ್ದು ಮಾತ್ರ ಸಹಿಸಲ್ಲ. ಸದ್ದು ಮಾಡಿದ ದಿನ ಇದು ಮೀನಿನ ಸಮೇತ ಅಂಗಡಿಗೆ ವಾಪಸ್ಸು.” ಆ ಮನೆಯಲ್ಲಿ ಸಾಹೇಬರು ಕೈತೋರಿಸಿ ‘ಇದು ನನ್ನದು’ ಎನ್ನಬಹುದಾದ ವಸ್ತು ಆ ತೊಟ್ಟಿಯೊಂದೇ. ಸಂಜೆ ಅದರ ಮುಂದೆ ಕೂತು ಮೀನುಗಳನ್ನು ನೋಡುವ ಅರ್ಧ ಗಂಟೆಗಾಗಿಯೇ ಅವರು ಉಳಿದ ಇಪ್ಪತ್ತಮೂರೂವರೆ ಗಂಟೆಯನ್ನು ಹೇಗೋ ತಳ್ಳುತ್ತಿದ್ದರು.

ಇನ್ನು ಅವರ ಹೆಸರಿನ ವಿಚಾರ. ಅವರದು ಫ್ಯಾನು ತಯಾರಿಸುವ ಕಾರ್ಖಾನೆಯಲ್ಲಿ ಕಟ್ಟಕಡೆಯ ಮೇಜು. ತಯಾರಾದ ಫ್ಯಾನು ಅವರ ಮುಂದೆ ತಿರುಗುತ್ತದೆ, ಅವರು ಕಣ್ಣು ಮುಚ್ಚಿ, ತಲೆ ವಾಲಿಸಿ ಆಲಿಸುತ್ತಾರೆ. ‘ಗುಂಯ್’ ಎಂದರೆ ಕೆಂಪು ಚೀಟಿ, ವಾಪಸ್ಸು. ತೆಪ್ಪಗಿದ್ದರೆ ಹಸಿರು ಚೀಟಿ, ಮೇಲೆ ಅವರ ಸಹಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸವಾದ್ದರಿಂದ ಕಾರ್ಖಾನೆಯವರೆಲ್ಲ ಅವರನ್ನು ಕಿವಿ ಸಾಹೇಬ್ರು ಎಂದೇ ಕರೆಯುವುದು. ಮೊದಮೊದಲು ತಿಂಗಳಿಗೊಂದು ಸುರುಳಿ ಕೆಂಪು ಚೀಟಿ ಖಾಲಿಯಾಗುತ್ತಿತ್ತಂತೆ. ಈಗ ಹತ್ತು ವರ್ಷದಿಂದ ಒಂದೇ ಸುರುಳಿ ನಡೆಯುತ್ತಿದೆ, ಅದೂ ಅರ್ಧಕ್ಕರ್ಧ ಹಾಗೇ ಇದೆ. “ನಾನು ಕೂತ್ಮೇಲೆ ಕಾರ್ಖಾನೆಯೇ ತಿದ್ಕೊಂಡ್ತು ನೋಡಿ” ಎಂದು ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. (ಮ್ಯಾನೇಜರಿಗೂ ಇದು ಬಹಳ ಹಿಡಿಸಿತ್ತು. ವರ್ಷಕ್ಕೊಂದು ಪ್ರಶಸ್ತಿ ಪತ್ರ ಕೊಟ್ಟು ಕೈಕುಲುಕುತ್ತಿದ್ದರು.)

ಯಂತ್ರದ ಲೋಕಾರ್ಪಣೆ ಸಂಜೆ ಆರಕ್ಕೆ ನಡೆಯಿತು. ಹಾಜರಿದ್ದ ಗಣ್ಯರು ಸಾಹೇಬರು, ಹೆಂಡತಿ, ಮತ್ತು ತೊಟ್ಟಿಯ ಪಕ್ಕದ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಡದ ಅತ್ತೆ. ಅತ್ತೆ ಎಂದರೆ ಹೆಂಡತಿಯ ತಾಯಿ. ಎರಡೂ ಕಿವಿಗೆ ಶ್ರವಣಯಂತ್ರ ಹಾಕಿಕೊಂಡ ಮೇಲೆ ಅವರಿಗೆ ಕೇಳಿಸದ ಗುಟ್ಟು ಆ ಮನೆಯಲ್ಲಿ ಯಾವುದೂ ಉಳಿದಿರಲಿಲ್ಲ.

ಸಾಹೇಬರು ರಬ್ಬರ್ ಬಟ್ಟಲನ್ನು ಗಾಜಿಗೆ ಒತ್ತಿ ಯಂತ್ರವನ್ನು ಅಂಟಿಸಿ ಸ್ವಿಚ್ ಒತ್ತಿದರು. ವೇಗದ ಗುಂಡಿ ಪೂರ್ತಿ ಮೇಲಿರುವುದನ್ನು ಅವರು ನೋಡಿರಲಿಲ್ಲ. ತಳದ ಮರಳೆಲ್ಲ ಒಮ್ಮೆಲೇ ಎದ್ದಿತು. ಗಂಡು ಮೀನು ಮೂರು ಪಲ್ಟಿ ಹೊಡೆದು ಮೂಲೆಗೆ ಹೋಗಿ ಗಾಜಿಗಂಟಿಕೊಂಡಿತು. ಅದರ ಎರಡರಷ್ಟಿದ್ದ ಹೆಣ್ಣು ಮೀನು ಇದ್ದಲ್ಲೇ ನಿಂತು ಗಂಡನನ್ನು ನೋಡಿತು. ಅಷ್ಟರಲ್ಲಿ ರಬ್ಬರ್ ಬಟ್ಟಲು ಜಾರಿ ಯಂತ್ರ ಆಕಾಶಕ್ಕೆ ಮುಖ ಮಾಡಿತು. ತೊಟ್ಟಿಯಿಂದ ಕಾರಂಜಿ ಎದ್ದು ಅತ್ತೆಯ ಪತ್ರಿಕೆಯ ಮೇಲೆ, ಅಲ್ಲಿಂದ ಅತ್ತೆಯ ಮೇಲೆ ಬಿತ್ತು.

ಅತ್ತೆ ತುಟಿ ನೆಕ್ಕಿಕೊಂಡು, “ಉಪ್ಪು ಸರಿಯಾಗಿದೆ ಅಳಿಯಂದ್ರೇ,” ಎಂದರು.

ನೆಲ ಒರೆಸಿದ್ದಾಯಿತು, ವೇಗ ತಗ್ಗಿಸಿದ್ದಾಯಿತು, ಬಟ್ಟಲನ್ನು ಮತ್ತೆ ಒತ್ತಿದ್ದಾಯಿತು. ಈ ಸಲ ನೀರು ಮೆಲ್ಲಗೆ ಆ ಕಡೆಯಿಂದ ಈ ಕಡೆಗೆ ಹರಿಯಿತು, ಹವಳ ತೂಗಾಡಿತು. ಸಾಹೇಬರಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಹೆಂಡತಿಗೆ ಹುಬ್ಬು ಗಂಟಾಯಿತು.

“ರೀ, ಅದೇನು ಸದ್ದು?”

“ಯಾವ ಸದ್ದು?”

“ಆ ಯಂತ್ರದ್ದು. ಕೇಳಿಸ್ತಿಲ್ವಾ?”

ಸಾಹೇಬರು ಕಣ್ಣು ಮುಚ್ಚಿ, ತಲೆ ವಾಲಿಸಿ, ಗಾಜಿಗೆ ಕಿವಿಯಿಟ್ಟು ಪೂರಾ ಎರಡು ನಿಮಿಷ ಆಲಿಸಿದರು. “ಏನೂ ಇಲ್ಲ. ನಿಂಗೆ ಆಸ್ಪತ್ರೆ ಸದ್ದು ತಲೇಲಿ ಉಳ್ಕೊಂಡಿದೆ.”

“ಹಿಟ್ಟಿನ ಗಿರಣಿ ಯಾವಾಗ ಹಾಕ್ಸಿದ್ರಿ?” ಎಂದು ಕೇಳಿದರು ಅತ್ತೆ.

ತಾಯಿ ಮಗಳು ಸೇರಿ ಮಸಲತ್ತು ಮಾಡಿದ್ದಾರೆಂದು ಸಾಹೇಬರಿಗೆ ಖಾತ್ರಿಯಾಯಿತು. ತೊಟ್ಟಿ ಹೋದರೆ ಆ ಜಾಗದಲ್ಲಿ ಅತ್ತೆಯ ಕಾಲು ಚಾಚುವ ಮಣೆ ಬರುತ್ತದೆ, ಇನ್ನೇನು! ಅವರು ಎದ್ದು ಹೋಗಿ ಚೀಲದಿಂದ ಹಸಿರು ಚೀಟಿಯ ಸುರುಳಿ ತಂದರು. ಒಂದನ್ನು ಹರಿದು ಸಹಿ ಹಾಕಿ ತೊಟ್ಟಿಯ ಗಾಜಿಗೆ ಅಂಟಿಸಿದರು. “ಇಪ್ಪತ್ತೆರಡು ವರ್ಷದ ಕಿವಿ ಇದು. ಈ ಯಂತ್ರ ಪಾಸಾಗಿದೆ.”

ಹೆಂಡತಿ ಚೀಟಿಯನ್ನು ನೋಡಿದಳು, ಗಂಡನ ಮುಖ ನೋಡಿದಳು. ಜಗಳ ಆಡಲಿಲ್ಲ. ಅದೇ ಅಪಾಯದ ಲಕ್ಷಣ ಎಂದು ಗೊತ್ತಿದ್ದೂ ಸಾಹೇಬರು ಗೆದ್ದೆನೆಂದುಕೊಂಡರು.

“ಶನಿವಾರ ನನ್ನ ಆಸ್ಪತ್ರೆಗೆ ಬನ್ನಿ. ನಿಮ್ಮ ಕಿವಿ ಸರಿಯಿದ್ರೆ ತೊಟ್ಟಿ ಇಲ್ಲೇ ಇರ್ಲಿ, ನಾನು ಇನ್ನು ಬಾಯಿ ಬಿಡಲ್ಲ. ಸರಿ ಇಲ್ದಿದ್ರೆ ನೀವೇ ಅದನ್ನ ಅಂಗಡಿಗೆ ಮುಟ್ಟಿಸ್ಬೇಕು.”

“ಬರ್ತೀನಿ. ಬರವಣಿಗೆಯಲ್ಲಿ ಕೊಡು ಬೇಕಾದ್ರೆ,” ಎಂದರು ಸಾಹೇಬರು.

ಶನಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ರಶಸ್ತಿ ತೆಗೆದುಕೊಳ್ಳಲು ಹೊರಟವರಂತೆ ಹೋದರು. ಹೆಂಡತಿ ಅವರನ್ನು ಒಂದು ಸಣ್ಣ ಕೋಣೆಯೊಳಗೆ ಕೂರಿಸಿದಳು. ಗೋಡೆಗೆಲ್ಲ ಮೆತ್ತೆ, ಒಂದು ಪುಟ್ಟ ಗಾಜಿನ ಕಿಟಕಿ, ಆಚೆ ಆಕೆಯ ಯಂತ್ರ. ಕಿವಿಗೆ ಹೆಡ್‌ಫೋನ್ ಹಾಕಿ ಕೈಗೊಂದು ಗುಂಡಿ ಕೊಟ್ಟಳು. “ಸದ್ದು ಕೇಳಿಸಿದಾಗೆಲ್ಲ ಇದನ್ನ ಒತ್ತಿ. ಎಷ್ಟೇ ಸಣ್ಣ ಸದ್ದಾದ್ರೂ ಸರಿ.”

ಬಾಗಿಲು ಮುಚ್ಚಿತು. ಸಾಹೇಬರು ಬೆನ್ನು ನೆಟ್ಟಗೆ ಮಾಡಿಕೊಂಡು, ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಸಿದ್ಧರಾದರು. ಮೊದಮೊದಲು ಎರಡು ಮೂರು ಸಲ ಡೊಂಯ್ ಎಂದಿತು, ಒತ್ತಿದರು. ಇದು ಯಂತ್ರ ಸರಿಯಿದೆಯೇ ಎಂದು ನೋಡಲಿಕ್ಕಿರಬೇಕು ಎಂದುಕೊಂಡರು. ಆಮೇಲೆ ಏನೂ ಇಲ್ಲ. ಕಿಟಕಿಯಾಚೆ ಹೆಂಡತಿ ಏನೋ ತಿರುಗಿಸುತ್ತಿದ್ದಳು, ಬರೆಯುತ್ತಿದ್ದಳು, ಮತ್ತೆ ತಿರುಗಿಸುತ್ತಿದ್ದಳು. ಸರ್ಕಾರಿ ಕಚೇರಿಯೂ ಇಷ್ಟು ತಡ ಮಾಡುವುದಿಲ್ಲ. ಕಾಲು ಗಂಟೆ ಕಳೆದ ಮೇಲೆ ತಾಳ್ಮೆ ತಪ್ಪಿ ಹೆಡ್‌ಫೋನ್ ತೆಗೆದು ಬಾಗಿಲು ತಳ್ಳಿಕೊಂಡು ಹೊರಗೆ ಬಂದರು.

“ಶುರು ಮಾಡೋದು ಯಾವಾಗ?”

“ಮುಗೀತು,” ಎಂದಳು ಹೆಂಡತಿ.

ಆಕೆ ನಗಲಿಲ್ಲ. ನಗಬಹುದಿತ್ತು, ನಗುವ ಹಕ್ಕೂ ಇತ್ತು, ಆದರೆ ಆಕೆಗೆ ನಿಜವಾಗಿ ಸಂಕಟವಾಗಿತ್ತು. ಮೊದಲ ಸಲ ತಾನೇ ನಂಬದೆ ಎರಡು ಸಲ ಪರೀಕ್ಷೆ ಮಾಡಿದ್ದಳು. ಕಾಗದದ ಮೇಲೆ ಅವರಿಗೆ ಕೇಳಿಸಿದ್ದನ್ನು ಗುರುತಿಸಿದ ಗೆರೆ ಎಡಗಡೆ ಸುಮಾರಾಗಿ ಹೊರಟು ಬಲಗಡೆ ಬಾವಿಗೆ ಬಿದ್ದಂತಿತ್ತು. “ಇಪ್ಪತ್ತೆರಡು ವರ್ಷ ಫ್ಯಾನಿನ ಪಕ್ಕ ಕೂತ್ರೆ ಕಿವಿ ಏನಾಗುತ್ತೆ ಹೇಳಿ? ನಾನಾದ್ರೂ ಮೊದ್ಲೇ ನೋಡ್ಬೇಕಿತ್ತು,” ಎಂದು ಕಪಾಟಿನಿಂದ ಒಂದು ಪುಟ್ಟ ಶ್ರವಣಯಂತ್ರ ತೆಗೆದು, ಒಂದು ವಾರ ಹಾಕಿಕೊಂಡು ನೋಡಿ ಎಂದು ಗಂಡನ ಬಲಗಿವಿಗೆ ಕೂರಿಸಿದಳು.

ಕಿವಿ ಸಾಹೇಬರು ಹೆಂಡತಿಯ ಜೊತೆ ಮನೆಗೆ ಬಂದರು. ತಮ್ಮ ಚಪ್ಪಲಿ ಇಷ್ಟು ಕಿರುಗುಟ್ಟುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಪತ್ರಿಕೆಯ ಹಾಳೆ ತಿರುವಿದ್ದು ತಗಡು ಹರಿದ ಹಾಗೆ ಕೇಳಿಸಿತು. ಹಾಲ್‌ನಲ್ಲಿ ಕಾಲಿಟ್ಟೊಡನೆ ಗುಂಯ್ ಎಂಬ ಸದ್ದು ನೇರವಾಗಿ ಬಂದು ತಲೆಯೊಳಗೆ ಕೂತಿತು. ಹಿಟ್ಟಿನ ಗಿರಣಿ ಎಂದು ಅತ್ತೆ ಹೇಳಿದ್ದು ಸುಳ್ಳಲ್ಲ.

ಕೊಟ್ಟ ಮಾತು ಮಾತೇ. ಅವರು ತೊಟ್ಟಿಯ ಮುಂದೆ ಮಂಡಿಯೂರಿ ಕೂತರು. ಹೆಣ್ಣು ಮೀನು ಗಾಜಿನ ಹತ್ತಿರ ಬಂದು ನೋಡಿತು, ಗಂಡು ಅದರ ಹಿಂದೆ ಬಂತು. ಇವನ್ನು ಅಂಗಡಿಗೆ ಬಿಟ್ಟು ಬಂದ ಮೇಲೆ ಸಂಜೆ ಏನು ಮಾಡುವುದು ಎಂದು ಸಾಹೇಬರಿಗೆ ತೋಚಲಿಲ್ಲ. ಸಹಿ ಮಾಡಿದ ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಯಂತ್ರದ ಪ್ಲಗ್ ಕಿತ್ತರು.

ಗಿರಣಿ ನಿಂತಿತು. ಆದರೆ ಪೂರ್ತಿ ನಿಲ್ಲಲಿಲ್ಲ. ಪ್ಲಗ್ ಕೈಯಲ್ಲೇ ಇದೆ, ಗುಂಯ್ ಮಾತ್ರ ಸ್ವಲ್ಪ ದಪ್ಪ ಸ್ವರದಲ್ಲಿ ಮುಂದುವರಿದಿದೆ. ಸಾಹೇಬರು ತೊಟ್ಟಿಯ ಹಿಂದೆ ನೋಡಿದರು, ಅತ್ತೆಯ ಕುರ್ಚಿಯ ಕೆಳಗೆ ನೋಡಿದರು. ಕೊನೆಗೆ ತಲೆಯೆತ್ತಿ ನೋಡಿದರು.

ಮೇಲೆ ಫ್ಯಾನು ತಿರುಗುತ್ತಿತ್ತು. ಅವರ ಕಾರ್ಖಾನೆಯದೇ. ಒಂಬತ್ತು ವರ್ಷದ ಹಿಂದೆ, ನೂರರಲ್ಲಿ ಒಂದನ್ನು ತಾವೇ ಆರಿಸಿ, ತಾವೇ ಹಸಿರು ಚೀಟಿ ಅಂಟಿಸಿ, ಹೆಂಡತಿಗೆಂದು ತಂದ ಫ್ಯಾನು.

“ಇದು ಯಾವಾಗಿಂದ?” ಎಂದರು ಸಣ್ಣ ದನಿಯಲ್ಲಿ.

“ಹಾಕಿದ ದಿನದಿಂದ,” ಎಂದಳು ಹೆಂಡತಿ.

“ಹೇಳ್ಬಾರ್ದಿತ್ತಾ?”

“ಹೇಳಿದ್ದೆ. ನಿಮಗೆ ಕೇಳಿಸ್ಲಿಲ್ಲ.”

ಅತ್ತೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಪತ್ರಿಕೆ ಅಲುಗುತ್ತಿತ್ತು.

ಹೆಂಡತಿ ಸಾಹೇಬರ ಕೈಯಲ್ಲಿದ್ದ ಪ್ಲಗ್ ನೋಡಿದಳು, ಮೀನು ನೋಡಿದಳು. “ನೋಡಿ, ಈ ಮನೇಲಿ ಒಂದು ಸದ್ದು ಸಹಿಸೋ ಶಕ್ತಿ ನಂಗಿದೆ, ಒಂಬತ್ತು ವರ್ಷದಿಂದ ಅಭ್ಯಾಸ ಆಗಿದೆ. ಎರಡು ಆಗಲ್ಲ. ಮೇಲಿನದು ಇರ್ಬೇಕಾ, ಕೆಳಗಿನದಾ, ನೀವೇ ಹೇಳಿ.”

ಸಾಹೇಬರು ಪ್ಲಗ್ ಮತ್ತೆ ಚುಚ್ಚಿದರು. ಸ್ಟೂಲು ತಂದು ಹತ್ತಿ, ಇಪ್ಪತ್ತೆರಡು ವರ್ಷದ ಗೌರವವನ್ನು ಸ್ವಹಸ್ತದಿಂದ ಒಂದೊಂದೇ ತಿರುಪು ಬಿಚ್ಚಿ ಕೆಳಗಿಳಿಸಿದರು.

ಸೋಮವಾರ ಅವರು ಶ್ರವಣಯಂತ್ರ ಹಾಕಿಕೊಂಡೇ ಕಾರ್ಖಾನೆಗೆ ಹೋದರು. ಮೊದಲ ಫ್ಯಾನು ಗುಂಯ್ ಎಂದಿತು, ಕೆಂಪು ಚೀಟಿ. ಎರಡನೆಯದೂ ಗುಂಯ್. ಹತ್ತು ವರ್ಷ ಬಂದಿದ್ದ ಕೆಂಪು ಸುರುಳಿ ಊಟದ ಹೊತ್ತಿಗೆ ಖಾಲಿಯಾಗಿ, ಹೊಸದೊಂದು ಬೇಕೆಂದು ಉಗ್ರಾಣಕ್ಕೆ ಚೀಟಿ ಕಳಿಸಿದರು. ಸುರುಳಿ ಬರಲಿಲ್ಲ, ಮ್ಯಾನೇಜರು ಬಂದರು.

“ಏನ್ ಸಾಹೇಬ್ರೇ, ಇವತ್ತು ಎಲ್ಲಾ ವಾಪಸ್ ಕಳಿಸ್ತಿದೀರಂತೆ?”

“ಎಲ್ಲಾ ಸದ್ದು ಮಾಡ್ತಿವೆ ಸಾರ್.”

ಮ್ಯಾನೇಜರು ಅವರ ಬಲಗಿವಿಯನ್ನೇ ಸ್ವಲ್ಪ ಹೊತ್ತು ನೋಡಿದರು. “ಅದೇನದು?”

ಸಾಹೇಬರು ಪ್ರಾಮಾಣಿಕವಾಗಿ ಎಲ್ಲವನ್ನೂ ಹೇಳಿದರು. ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟು ಬಹಳ ಪ್ರೀತಿಯಿಂದ ಹೇಳಿದರು: “ಮನೇಲಿ ಧಾರಾಳವಾಗಿ ಹಾಕ್ಕೊಳ್ಳಿ. ಇಲ್ಲಿ ಮಾತ್ರ ತೆಗೆದಿಡಿ. ನಿಮ್ಮ ಕಿವಿ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ.” ನಂಬಿಕೆಯ ಗುರುತಾಗಿ ಸಂಜೆ ಹೊರಡುವಾಗ ಹೊಸ ಫ್ಯಾನೊಂದನ್ನು ಡಬ್ಬಿ ಸಮೇತ ಉಡುಗೊರೆ ಕೊಟ್ಟರು. ಮಧ್ಯಾಹ್ನದ ಮೇಲೆ ಪಾಸಾದ ಮಾಲು.

ಮನೆಯ ಬಾಗಿಲಲ್ಲಿ ಸಾಹೇಬರು ಶ್ರವಣಯಂತ್ರವನ್ನು ಜೇಬಿನಿಂದ ತೆಗೆದು ಕಿವಿಗೆ ಹಾಕಿಕೊಂಡು ಒಳಗೆ ಬಂದರು. ಫ್ಯಾನಿನ ಡಬ್ಬಿಯ ಮೇಲಿದ್ದ ಹಸಿರು ಚೀಟಿಯನ್ನು ಹೆಂಡತಿ ಓದಿದಳು.

“ಇದನ್ನ ಪಾಸ್ ಮಾಡುವಾಗ ಕಿವೀಲಿ ಅದಿತ್ತಾ?”

ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಲಿಲ್ಲ ಎಂದು ಸುಮ್ಮನಿರುವ ಸೌಕರ್ಯ ಶನಿವಾರವೇ ಕೈತಪ್ಪಿ ಹೋಗಿತ್ತು. ಸಾಹೇಬರು ಸ್ಟೂಲು ತಂದು, ಹೊಸ ಫ್ಯಾನನ್ನು ಡಬ್ಬಿ ಬಿಚ್ಚದೆಯೇ ಅಟ್ಟದ ಮೇಲಿಟ್ಟರು, ಹಳೆಯದರ ಪಕ್ಕದಲ್ಲಿ.

ಹಾಲ್‌ನಲ್ಲಿ ಸೆಕೆ ಕುದಿಯುತ್ತಿತ್ತು. ಮೀನುಗಳು ಮಾತ್ರ ಹಾಯಾಗಿ ಅಲೆಯೊಳಗೆ ಓಲಾಡುತ್ತಿದ್ದವು. ಬೆವರಿನಿಂದ ಒದ್ದೆಯಾದ ಅತ್ತೆ ಅಳಿಯನ ಕಡೆ ನೋಡಿದರು, ಮಗಳೂ ನೋಡಿದಳು. ಸಾಹೇಬರು ಅಲೆಯಂತ್ರದ ಖಾಲಿ ಡಬ್ಬಿಯನ್ನು ಹರಿದು ರಟ್ಟು ಮಾಡಿಕೊಂಡು, ಇಬ್ಬರ ನಡುವೆ ನಿಂತು ಗಾಳಿ ಬೀಸತೊಡಗಿದರು. ಮೀನು ನೋಡುವ ಅವರ ಅರ್ಧ ಗಂಟೆ ಹೀಗೆ ಕಳೆಯಿತು.

ಅತ್ತೆ ಕಣ್ಣು ಮುಚ್ಚಿ, ತಲೆ ವಾಲಿಸಿ ಸ್ವಲ್ಪ ಹೊತ್ತು ಆಲಿಸಿದರು. “ಈ ಫ್ಯಾನು ಚೆನ್ನಾಗಿದೆ ಕಣೇ. ಸದ್ದೇ ಇಲ್ಲ.”

ಹೆಂಡತಿ ಎದ್ದು ಹೋಗಿ ಗಂಡನ ಚೀಲದಿಂದ ಒಂದು ಹಸಿರು ಚೀಟಿ ಹರಿದು ತಂದಳು. ಸಹಿ ಹಾಕಿ, ರಟ್ಟಿನ ಮೇಲೆ ‘ಸಂಪೂರ್ಣ ನಿಶ್ಶಬ್ದ’ ಎಂದಿದ್ದ ಕಡೆ ಅಂಟಿಸಬೇಕೆಂದಿದ್ದಳು. ಒಂದು ಕ್ಷಣ ಯೋಚಿಸಿ, ಅದನ್ನು ಸಾಹೇಬರ ಅಂಗಿಯ ಜೇಬಿಗೆ ಅಂಟಿಸಿ, “ಇನ್ನೂ ಸ್ವಲ್ಪ ಜೋರಾಗಿ ಬೀಸಿ,” ಎಂದಳು.