ಅಡ್ಮಿನ್ ಅವರ ವರ್ಗಾವಣೆ

ಜಾಲತಾಣದಲ್ಲಿ ಪ್ರಕಟವಾಗದ ಆದೇಶ ಆದೇಶವೇ ಅಲ್ಲ, ಪ್ರಕಟವಾದದ್ದೆಲ್ಲ ಆದೇಶವೇ ಎಂಬ ನಿಯಮ ಅಳತೆ ಮತ್ತು ತೂಕ ಇಲಾಖೆಯಲ್ಲಿ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಜಾರಿಗೆ ಬಂತು. ಆ ಹೊತ್ತಿಗೆ ಇಲಾಖೆಗೆ ಜಾಲತಾಣ ಇರಲಿಲ್ಲ. ಇದೊಂದು ಕೊರತೆ ಎಂದು ಯಾರಿಗೂ ಅನ್ನಿಸಲಿಲ್ಲ.

ಅನ್ನಿಸಿದ್ದು ಟಪಾಲು ವಿಭಾಗದ ಗುಮಾಸ್ತೆಗೆ ಮಾತ್ರ. ಕಚೇರಿಗೆಲ್ಲ ಆಕೆ ಅಕ್ಕ. ಗಂಡ, ಆರು ವರ್ಷದ ಮಗಳು ಇರುವ ಊರಿಗೆ ವರ್ಗ ಕೇಳಿ ಮೂರು ವರ್ಷ ಕಾದು, ಹಿಂದಿನ ಶನಿವಾರವಷ್ಟೇ ಆದೇಶಕ್ಕೆ ಸಹಿ ಹಾಕಿಸಿಕೊಂಡಿದ್ದಳು. ಅದು ಪ್ರಕಟವಾಗದೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಳುತ್ತ ಕೂತರೆ ಆಗುತ್ತದೆಯೇ? ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಂಡು, ತಿದ್ದಿ ಬಳಸಬಹುದಾದ ಮುಕ್ತ ತಂತ್ರಾಂಶವೊಂದನ್ನು ಹುಡುಕಿ, ಎರಡೇ ದಿನದಲ್ಲಿ ತಾನೇ ಜಾಲತಾಣ ಕಟ್ಟಿ ನಿಲ್ಲಿಸಿದಳು. ಪಾಸ್‌ವರ್ಡ್ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಇಂಥ ತಂತ್ರಾಂಶದ ಜೊತೆ ಒಂದು ಮಾದರಿ ಬರಹ ತಾನಾಗಿಯೇ ಬರುತ್ತದೆ: "ನಮಸ್ಕಾರ ಜಗತ್ತೇ! ಇದನ್ನು ಅಳಿಸಿ, ನಿಮ್ಮ ಕೆಲಸ ಆರಂಭಿಸಿ." ಕೆಳಗೆ ಬರೆದವರ ಹೆಸರು, ಅಡ್ಮಿನ್. ಅಕ್ಕ ಅಳಿಸುವಷ್ಟರಲ್ಲಿ ದೊಡ್ಡ ಸಾಹೇಬರು ನೋಡಿಬಿಟ್ಟರು.

"ಯಾರಮ್ಮ ಈ ಅಡ್ಮಿನ್?"

"ಯಾರೂ ಅಲ್ಲ ಸರ್. ತಂತ್ರಾಂಶದ ಜೊತೆ ಬಂದಿರೋ ಹೆಸರು ಅದು."

"ಯಾರೂ ಅಲ್ಲದವರು ನಮಗೆ ಕೆಲಸ ಆರಂಭಿಸಿ ಅಂತ ಹೇಳ್ತಾರಾ?"

ಪ್ರಶ್ನೆ ನ್ಯಾಯವಾದದ್ದೇ. ಆ ಕಚೇರಿಯಲ್ಲಿ ಹಾಗೆ ಹೇಳುವ ಎದೆಗಾರಿಕೆ ಹಿಂದೆ ಯಾರೂ ತೋರಿರಲಿಲ್ಲ. ಅಡ್ಮಿನ್ ಅವರಿಗೆ ಕಾರಣ ಕೇಳಿ ನೋಟಿಸು ಹೋಯಿತು. ಉತ್ತರವಿಲ್ಲ. ಎರಡನೆಯದೂ ಹೋಯಿತು, ಅದಕ್ಕೂ ಇಲ್ಲ. ನೋಟಿಸಿಗೇ ಜಗ್ಗದ ಮನುಷ್ಯನಿಗೆ ಮೇಲಿನವರ ಬೆಂಬಲ ಇರಲೇಬೇಕು ಎಂದು ಕಚೇರಿ ತೀರ್ಮಾನಿಸಿ, ಅವರಿಗೆ ಕಿಟಕಿ ಪಕ್ಕದ ಮೇಜು ಕೊಟ್ಟು, ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸಿತು. ಅವರಷ್ಟೇ ಕಾಣಿಸಿಕೊಳ್ಳುವ ನೌಕರರು ಇನ್ನೂ ಹನ್ನೊಂದು ಮಂದಿ ಇದ್ದುದರಿಂದ ಯಾರೂ ತಕರಾರು ಎತ್ತಲಿಲ್ಲ. ಮಾದರಿ ಬರಹದ ಜೊತೆಗೇ ಬಂದಿದ್ದ "ಚೆನ್ನಾಗಿದೆ" ಎಂಬ ಮಾದರಿ ಪ್ರತಿಕ್ರಿಯೆಯನ್ನು ಸಾರ್ವಜನಿಕರ ಮೆಚ್ಚುಗೆ ಎಂದು ದಾಖಲಿಸಲಾಯಿತು. ಇಲಾಖೆಯ ಇತಿಹಾಸದಲ್ಲಿ ಅದು ಮೊದಲನೆಯದು.

ಅಕ್ಕ ಎಲ್ಲವನ್ನೂ ಟೈಪು ಮಾಡಿ, ತನ್ನ ಆದೇಶ ಯಾವಾಗ ಎಂದು ದಿನಾ ಕೇಳಿದಳು. ಕೊನೆಗೆ ಸಾಹೇಬರು, ಅಡ್ಮಿನ್ ಅವರ ಅಭ್ಯಂತರವಿಲ್ಲದಿದ್ದರೆ ಪ್ರಕಟಿಸಬಹುದು ಎಂದರು. ಅವರದೇನೂ ಅಭ್ಯಂತರ ಇರಲಿಲ್ಲ.

ಆದೇಶದ ಮೊದಲ ಪುಟ "ಕೆಳಗೆ ಹೆಸರಿಸಿದ ನೌಕರರನ್ನು ವರ್ಗಾಯಿಸಲಾಗಿದೆ" ಎಂದು ಮುಗಿಯುತ್ತಿತ್ತು. ಅಕ್ಕನ ಹೆಸರಿದ್ದದ್ದು ಎರಡನೇ ಪುಟದಲ್ಲಿ. ಮೊದಲ ಪುಟ ಪ್ರಕಟವಾಗುತ್ತಲೇ ತಂತ್ರಾಂಶ ತನ್ನ ರೂಢಿಯಂತೆ ಅದರ ಕೆಳಗೆ ಹೆಸರು ಹಾಕಿತು: ಅಡ್ಮಿನ್.

ವರ್ಗವಾದದ್ದು ಅಡ್ಮಿನ್ ಅವರಿಗೇ ಎಂದಾಯಿತು. ಆ ಊರಲ್ಲಿ ಇದ್ದದ್ದು ಒಂದೇ ಹುದ್ದೆ. ತಪ್ಪಾಗಿದೆ ಎಂದು ಅಕ್ಕ ಬೇಡಿಕೊಂಡರೆ, ಪ್ರಕಟವಾದದ್ದರಲ್ಲಿ ತಪ್ಪಿರುವುದಿಲ್ಲ ಎಂದು ಸಾಹೇಬರು ನಿಯಮ ತೋರಿಸಿದರು. ಸಂಜೆ ಖಾಲಿ ಕುರ್ಚಿಗೆ ಬೀಳ್ಕೊಡುಗೆ ನಡೆಯಿತು. ಇಬ್ಬರು ಅತ್ತರು.

ಮರುದಿನ ಬೆಳಿಗ್ಗೆ ಅಕ್ಕ ಬಸ್ಸು ಹತ್ತಿದಳು. ಹೊಸ ಕಚೇರಿಯ ಮೇಲ್ವಿಚಾರಕರ ಮುಂದೆ ನಿಂತು, "ನಾನೇ ಅಡ್ಮಿನ್" ಎಂದಳು. ಪುರಾವೆ ಕೇಳಿದರು. ಪಾಸ್‌ವರ್ಡ್ ಒತ್ತಿದಳು, ಜಾಲತಾಣ ಬಾಗಿಲು ತೆರೆಯಿತು. ಮೇಲ್ವಿಚಾರಕರು ಎದ್ದು ನಿಂತು, ನಿಮ್ಮ ಬಗ್ಗೆ ಬಹಳ ಕೇಳಿದ್ದೇವೆ ಮೇಡಂ, ಎಂದು ಕುರ್ಚಿ ಎಳೆದುಕೊಟ್ಟರು.

ಹಳೆಯ ಕಚೇರಿ ಟಪಾಲು ವಿಭಾಗದ ಗುಮಾಸ್ತೆ ಹೇಳದೆ ಕೇಳದೆ ಗೈರುಹಾಜರಾಗಿದ್ದಾಳೆಂದು ಅಮಾನತು ಆದೇಶ ಹೊರಡಿಸಿ, ಪ್ರಕಟಣೆಗಾಗಿ ಅಡ್ಮಿನ್ ಅವರಿಗೆ ಕಳಿಸಿತು. ಅಕ್ಕ ಒಂದು ಗಂಟೆಯೂ ತಡಮಾಡದೆ ಪ್ರಕಟಿಸಿದಳು. ಸಾಹೇಬರಿಂದ ಶ್ಲಾಘನಾ ಪತ್ರ ಬಂತು.

ಆ ವಾರ ಮಗಳು ಶಾಲೆಯ ಅರ್ಜಿ ಹಿಡಿದು ಮಡಿಲಲ್ಲಿ ಬಂದು ಕೂತಳು.

"ಅಮ್ಮಾ, ತಾಯಿಯ ಹೆಸರು ಅಂತಿದೆ. ಯಾವುದು ಬರೀಲಿ?"

ಅಕ್ಕ ಮಗಳ ನೆತ್ತಿಗೆ ಮುತ್ತು ಕೊಟ್ಟು ಹೇಳಿದಳು. ಮಗು ಒಂದೇ ಒಂದು ಅಕ್ಷರ ತಪ್ಪದೆ ಬರೆಯಿತು: ಅಡ್ಮಿನ್.