ಶಾಲು ಹೊದ್ದ ಸ್ವಾಯತ್ತ ನಿಧಿ

ಮೀಟಿಂಗಿಗೆ ತಡವಾಗಿ ಬಂದವನ ತಲೆಗೆ ಕೆಲಸ ಕಟ್ಟುವುದು ಬಹರೈನಿನ ನಮ್ಮ ಕನ್ನಡ ಸಂಘದ ಪದ್ಧತಿ. ನಾನು ಯಾವಾಗಲೂ ತಡ, ಹಾಗಾಗಿ ಇಂಥದ್ದೆಲ್ಲ ನನಗೇ ಆಗುವುದು. ಈ ಸಲ ಸಿಕ್ಕಿದ್ದು ಮೌಲ್ಯಮಾಪನ. “ನಿಮ್ಮ ಏರಿಯಾದ ಜನಕ್ಕೆ ಬೇಕಾದ್ದನ್ನು ನೀವೇ ಮಾಡಿ” ಎಂದು ಅಧ್ಯಕ್ಷರು ಇಲ್ಲಿನ ಮೂರು ಏರಿಯಾಗಳ ಘಟಕಗಳಿಗೆ ಸ್ವಾಯತ್ತ ನಿಧಿ ಕೊಟ್ಟಿದ್ದರು. ಹೇಗೆ ಬಳಸಿದ್ದಾರೆಂದು ನಾನು ನೋಡಿ ಬರಬೇಕು. ಸರಿಯಿಲ್ಲದಿದ್ದರೆ ನಿಧಿ ಬಂದ್.

ಮುಹರ್ರಕ್

ಸಂಚಾಲಕರು ಬಾಗಿಲಲ್ಲೇ ನನ್ನ ತಲೆಗೆ ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿದರು. ಆ ಸೆಕೆಯಲ್ಲಿ ಬೆವರು ಧಾರಾಕಾರ.

“ಆಯ್ತು ಮಾರಾಯ್ರೆ, ನಿಧಿ ಎಂತಕ್ಕೆ ಬಳಸಿದಿರಿ?” ಎಂದೆ.

“ಹೊದ್ದುಕೊಂಡಿದ್ದೀರಲ್ಲ” ಎಂದರು.

ಈಸಾ ಟೌನ್

ಇಲ್ಲಿ ಮಕ್ಕಳಿಗೆ ಕನ್ನಡ ಕ್ಲಾಸ್ ಎಂದಿದ್ದರು. ಆದದ್ದು ಮಕ್ಕಳ ಸನ್ಮಾನ. “ಕ್ಲಾಸ್ ಶುರುವಾಗುವ ಮೊದಲು ಪ್ರೋತ್ಸಾಹ ಬೇಡ್ವಾ?” ಎಂದರು ಸಂಚಾಲಕಿ. ಒಬ್ಬಳು ಹುಡುಗಿ ತನ್ನ ಫಲಕವನ್ನು ತಲೆಕೆಳಗಾಗಿ ಹಿಡಿದು, “ಅಂಕಲ್, ವಾಟ್ ಈಸ್ ರಿಟನ್ ಹಿಯರ್?” ಎಂದಳು.

ತಿರುಗಿಸಿ ಓದಿದೆ. ‘ಕನ್ನಡ ಕಲಿಕೆಯಲ್ಲಿ ಪ್ರಥಮ.’

ಸಲ್ಮಾನಿಯಾ

ಈ ಘಟಕ ಪೂರ್ತಿ ನರ್ಸುಗಳದ್ದು. ಇವರು ವೀಲ್‌ಚೇರ್ ತಂದು, ಆಸ್ಪತ್ರೆಯಿಂದ ಮನೆಗೆ ಹೋದವರಿಗೆ ಎರವಲು ಕೊಡುತ್ತಿದ್ದರು. ಒಂದು ವೀಲ್‌ಚೇರ್, ಕಾಲು ಮುರಿದುಕೊಂಡ ನಮ್ಮೂರ ಡ್ರೈವರನ ಮನೆಯಲ್ಲಿತ್ತು. ಇನ್ನೊಂದು ಆಗಷ್ಟೇ ವಾಪಸ್ ಬಂದಿತ್ತು. ಮತ್ತೂ ಬೇಕೆಂದು ಕಾಯುವವರಿದ್ದರು. ನನಗೆ ನಿಜಕ್ಕೂ ಹೊಟ್ಟೆ ತಣ್ಣಗಾಯಿತು. ಹೊಗಳಿ ಬರೆದೆ.

ಅಧ್ಯಕ್ಷರು ವರದಿ ತಿರುವಿ ಹಾಕಿದರು. “ಕಾರ್ಯಕ್ರಮ ಎಲ್ಲಿ? ಫೋಟೋನೇ ಇಲ್ಲ. ಇವರದ್ದು ಬಂದ್.”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ರೋಗ ಗೊತ್ತಿದ್ದ ಮೇಲೆ ಮದ್ದೂ ಗೊತ್ತಲ್ಲ. ಹಿರಿಯ ನರ್ಸಿಗೆ ಫೋನ್ ಮಾಡಿ, “ಸಿಸ್ಟರ್, ಒಂದು ಸನ್ಮಾನ ಇಡಿ. ಅಧ್ಯಕ್ಷರಿಗೇ” ಎಂದೆ.

ಮುಂದಿನ ಶುಕ್ರವಾರ ನನ್ನದೇ ಪೇಟ, ನನ್ನದೇ ಶಾಲು, ಹೊಸ ಹಾರ. ಅಧ್ಯಕ್ಷರು ಗಣ್ಯರ ಕುರ್ಚಿ ಹುಡುಕಿದರು. ನರ್ಸುಗಳ ಹತ್ತಿರ ಇದ್ದ ಒಳ್ಳೆಯ ಕುರ್ಚಿ ಎಂದರೆ ಆ ವೀಲ್‌ಚೇರ್. ಅದರಲ್ಲೇ ಗಂಭೀರವಾಗಿ ಕೂತರು. ಹಾರ ಬಿತ್ತು, ನಾವೆಲ್ಲ ಚಪ್ಪಾಳೆ ತಟ್ಟಿದೆವು, ಫೋಟೋ ವಾಟ್ಸಾಪಿನಲ್ಲಿ ಊರಿಗೂ ಹೋಯಿತು. “ಸಲ್ಮಾನಿಯಾದ ನಿಧಿ ಇನ್ನು ಯಾವತ್ತೂ ನಿಲ್ಲುವುದಿಲ್ಲ!” ಎಂದು ಮೈಕಿನಲ್ಲೇ ಘೋಷಿಸಿದರು.

ಅವರು ಎದ್ದು ನಿಲ್ಲುವಷ್ಟರಲ್ಲಿ ಕುಂದಾಪುರದಿಂದ ಅವರ ತಾಯಿಯ ಫೋನ್. ಸ್ಪೀಕರಿಗೆ ಹಾಕಿ ಎತ್ತಿದರು, ಕೈಯಲ್ಲಿದ್ದ ಮೈಕು ಇನ್ನೂ ಆನ್ ಇತ್ತು. ಅಳು ಹಾಲ್ ತುಂಬ ಕೇಳಿಸಿತು.

“ಅಯ್ಯೋ ಮಗಾ, ಕಾಲಿಗೆ ಎಂತಾಯ್ತು? ಅದಕ್ಕೆ ಅವರೆಲ್ಲ ಚಪ್ಪಾಳೆ ತಟ್ಟುವುದು ಯಾಕೆ?”