ಎಪ್ಪತ್ತಾರು ಡಿಗ್ರಿಯ ಕೆಂಪು ನೂಲು

ಮುಳ್ಳು ತಿರುಗೋ ಯಂತ್ರ ಯಾವ್ದು ಕಂಡ್ರೂ ನಂಗೆ ನಗು ಬರುತ್ತೆ. ಡಾಕ್ಟ್ರು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವಾಗ್ಲೂ ಕಿಸಕ್ ಅಂದ್ಬಿಡ್ತೀನಿ. "ಅಜ್ಜಿ, ಅಲ್ಲಾಡ್ಬೇಡಿ, ತಪ್ಪು ತೋರ್ಸುತ್ತೆ" ಅಂತ ಅವ್ರು ಗದರ್ತಾರೆ. ತಪ್ಪು ತೋರಿಸ್ಲಿ ಬಿಡಪ್ಪ, ನಾನು ಅದನ್ನೇನೂ ನಂಬಲ್ಲ ಅಂತ ಮನಸ್ಸಲ್ಲೇ ಅನ್ಕೋತೀನಿ. ಈ ಮುಳ್ಳು, ಈ ಗೆರೆ, ಈ ನಂಬರು ಎಲ್ಲಾ ಇರೋದು ನೋಡೋರ ಸಮಾಧಾನಕ್ಕೆ ಅನ್ನೋದು ನಂಗೆ ಹದಿನೆಂಟು ವರ್ಷಕ್ಕೇ ಗೊತ್ತಾಗಿತ್ತು. ಗೊತ್ತಾಗಿದ್ದು ಒಳ್ಳೇ ದಾರೀಲಲ್ಲ, ಅದನ್ನೇ ಹೇಳೋಕೆ ಕೂತಿದೀನಿ.

ಈಗ್ಯಾಕೆ ಈ ಮಾತು ಅಂದ್ರೆ, ನನ್ನ ಮೊಮ್ಮಗಳು ಚೈತ್ರ ಮನೆಗೆ ಕಾಫಿ ಯಂತ್ರ ತಂದಿದಾಳೆ. ಚಿಕ್ಕಬಳ್ಳಾಪುರದಲ್ಲಿ ಹಲ್ಲಿನ ಡಾಕ್ಟ್ರು ಅವ್ಳು, ನಾನೂ ಅವಳ ಜೊತೇಲೇ ಇರೋದು. ಆ ಯಂತ್ರಕ್ಕೆ ಮುಂದ್ಗಡೆ ಎರಡು ಗುಂಡನೆ ಗಡಿಯಾರ. ಒಂದು ಶಾಖ ತೋರ್ಸುತ್ತಂತೆ, ಒಂದು ಒತ್ತಡ ತೋರ್ಸುತ್ತಂತೆ. ಬೆಳಿಗ್ಗೆ ಎದ್ದು ಮಂಗಳಾರತಿ ಮುಂದೆ ನಿಂತಂಗೆ ಅದರ ಮುಂದೆ ನಿಂತ್ಕೋತಾಳೆ. "ಅಜ್ಜಿ, ತಾಳು, ತೊಂಬತ್ತಮೂರು ಬರ್ಲಿ. ಈಗ ಒಂಬತ್ತು ಬಾರ್ ಬರ್ಲಿ." ಯಂತ್ರ ಎಮ್ಮೆ ಥರ ಬುಸುಗುಟ್ಟುತ್ತೆ. ಇಷ್ಟೆಲ್ಲಾ ಆದ್ಮೇಲೆ ಕೈಗೆ ಬರೋದು ಮೂರು ಉದ್ಧರಣೆ ಕಾಫಿ. ಮೊದಲ್ನೇ ದಿನ ನಾನು ಅಂಗೈಲಿ ತಗೊಂಡು ತಲೆಗೆ ಸವರ್ಕೋಬೇಕೇನೋ ಅಂತ ನೋಡ್ದೆ. "ಉಳ್ದಿದ್ದೆಲ್ಲಮ್ಮ?" ಅಂತ ಕೇಳಿದ್ದಕ್ಕೆ ಅವಳಿಗೆ ಕೋಪ ಬಂತು. ಆದ್ರೂ ಒಳ್ಳೇ ಹುಡುಗಿ. ಫೋನಲ್ಲಿ ಕನ್ನಡ ಟೈಪ್ ಮಾಡೋದು ನಂಗೆ ಹೇಳ್ಕೊಟ್ಟಿದ್ದು ಅವ್ಳೇ. ನನ್ನ ಬೆರಳು ದಪ್ಪ, ಒಂದು ಒತ್ತಿದ್ರೆ ಮೂರು ಅಕ್ಷರ ಬೀಳುತ್ವೆ. ಎರಡು ಅಳಿಸಿ ಒಂದು ಉಳಿಸ್ಕೊಂಡು ಬರೀತಿದೀನಿ.

ಅವಳು "ಶಾಖ, ಒತ್ತಡ" ಅಂದಾಗೆಲ್ಲಾ ನಂಗೆ ಅವರ ತಾತ ಕಾಣ್ತಾರೆ. ಅಂದ್ರೆ ನಮ್ಮ ಯಜಮಾನ್ರು. ಹೆಸರು ಹೇಳಲ್ಲ, ಅಭ್ಯಾಸ ಇಲ್ಲ. ನಂದು ಕೆಂಚಾರ್ಲಹಳ್ಳಿ, ಅವರದು ದಿಬ್ಬೂರಹಳ್ಳಿ. ಮದುವೆಯಾಗಿ ಹೋದಾಗ ಆ ಮನೇಲಿ ಇದ್ದಿದ್ದು ಅತ್ತೆ, ಯಜಮಾನ್ರು, ಆಮೇಲೆ ಒಂದು ಕೋಣೆ ತುಂಬಾ ರೇಷ್ಮೆ ಹುಳ. ಮನೇಲಿ ಮರ್ಯಾದೆ ಇದ್ದಿದ್ದು ಇದೇ ಲೆಕ್ಕದಲ್ಲಿ, ಆದ್ರೆ ಕೆಳಗಿಂದ ಮೇಲಕ್ಕೆ. ಮೊದಲು ಹುಳ, ಆಮೇಲೆ ಯಜಮಾನ್ರು, ಆಮೇಲೆ ಅತ್ತೆ. ನಾನು ಹಿಪ್ಪುನೇರಳೆ ಸೊಪ್ಪಿಗಿಂತ ಸ್ವಲ್ಪ ಮೇಲೆ.

ಮದುವೆಯಾದ ವರ್ಷವೇ ಯಜಮಾನ್ರು ರೇಷ್ಮೆ ತರಬೇತಿಗೆ ಅಂತ ಎರಡು ತಿಂಗಳು ಬೆಂಗಳೂರಿಗೆ ಹೋಗಿ ಬಂದ್ರು. ಬರುವಾಗ ಎರಡು ತಂದ್ರು. ಒಂದು, ಹಲಗೆ ಮೇಲೆ ಗಾಜಿನ ಕೊಳವೆ ಕೂರಿಸಿದ್ದ ಥರ್ಮಾಮೀಟ್ರು, ಒಳಗೆ ಕೆಂಪು ನೀರು. ಅದು ಇಲಾಖೆದು, ಹುಳದ ಕೋಣೆಗೆ ಅಂತ ಕೊಟ್ಟಿದ್ದು. ಎರಡನೇದು ಅವರ ತಲೇಲಿತ್ತು. ಬೆಂಗಳೂರಲ್ಲಿ ಯಾವುದೋ ಹೋಟ್ಲಲ್ಲಿ ಹಬೆ ಬಿಡೋ ಕಾಫಿ ಯಂತ್ರ ನೋಡಿದ್ರಂತೆ. ಅದಕ್ಕೂ ಎರಡು ಮುಳ್ಳು. ಅಲ್ಲಿಯವನು ಇವರಿಗೆ ಹೇಳಿದ್ನಂತೆ, "ಸಾರ್, ಕಾಫಿ ಅಂದ್ರೆ ಎರಡೇ. ಇನ್ನೂರು ಡಿಗ್ರಿ ಶಾಖ, ಮೇಲಿಂದ ಒತ್ತಡ." ಆಗೆಲ್ಲಾ ಫ್ಯಾರನ್‌ಹೀಟ್ ಲೆಕ್ಕ, ನೀರು ಕುದಿಯೋಕೆ ಇನ್ನೂರ ಹನ್ನೆರಡು ಬೇಕು, ಕಾಫಿಗೆ ಅದಕ್ಕಿಂತ ಸ್ವಲ್ಪ ಕಡಿಮೆ ಅಂತ ಅವರು ನಂಗೆ ಪಾಠ ಮಾಡಿದ್ರು. ಅವತ್ತಿಂದ ನಮ್ಮ ಅಡುಗೆಮನೆ ಇಸ್ಕೂಲಾಯ್ತು.

ಮೊದಲು ಒತ್ತಡ. ನಮ್ಮದು ಎರಡಂತಸ್ತಿನ ಹಿತ್ತಾಳೆ ಫಿಲ್ಟ್ರು. ಮೇಲಿನ ಮುಚ್ಚಳಕ್ಕೆ ಮೊಳೇಲಿ ತೂತು ಹೊಡುದ್ರು. ಸೈಕಲ್ ಪಂಪಿನ ರಬ್ಬರ್ ಕೊಳವೆ ಅದ್ರೊಳಗೆ ತೂರಿಸಿ, ಗಾಳಿ ಹೋಗ್ದಿರ್ಲಿ ಅಂತ ಸುತ್ತ ಗಟ್ಟಿಯಾಗಿ ಕಲಸಿದ ರಾಗಿ ಹಿಟ್ಟು ಮೆತ್ತಿದ್ರು.

"ನೀನು ಮುಚ್ಚಳ ಒತ್ತಿ ಹಿಡ್ಕೊಳ್ಳೇ."

"ಎಷ್ಟೊತ್ತು ರೀ?"

"ಒತ್ತಡ ಬರೋವರ್ಗೂ."

"ಬಂದಿದ್ದು ಹೆಂಗೆ ಗೊತ್ತಾಗುತ್ತೆ?"

"ನಿನ್ನ ಕೈಗೇ ಗೊತ್ತಾಗುತ್ತೆ ಕಣೇ."

ಒಟ್ನಲ್ಲಿ ಮುಳ್ಳು ನಾನು. ಏಳನೇ ಸಲ ಪಂಪ್ ಒತ್ತಿದಾಗ ಗೊತ್ತಾಯ್ತು. ಮುಚ್ಚಳ ಹೋಗಿ ಹೆಂಚಿಗೆ ಬಡೀತು, ಚರಟ ಎಲ್ಲಾ ಗೋಡೆಗೆ, ಅವರ ಬನಿಯನ್ನಿಗೆ, ಸೊಪ್ಪು ಸೋಸ್ತಾ ಕೂತಿದ್ದ ಅತ್ತೆ ಮುಖಕ್ಕೆ. ನಮ್ಮತ್ತೆಗೆ ಕೋಪ ಬಂದ್ರೆ ತೆಲುಗು ಬರ್ತಿತ್ತು. ಮುಖ ಒರೆಸ್ಕೊಳ್ದೇ ನಿಧಾನಕ್ಕೆ ಕೇಳಿದ್ರು, "ಏಂ ನಾಯ್ನಾ, ಕಾಫೀ ತಾಗೇದಾ, ಪೂಸುಕೊನೇದಾ?" ಕುಡಿಯೋದಾ, ಬಳ್ಕೊಳ್ಳೋದಾ ಅಂತ. ನಾನು ನಗು ತಡೀಲಾರ್ದೆ ಹಿತ್ಲಿಗೆ ಓಡಿದೆ. ಅಲ್ಲಿಗೆ ಒತ್ತಡದ ಪಾಠ ಮುಗೀತು. ಗೋಡೆ ಮೇಲಿನ ಕಲೆ ಮಾತ್ರ ಎರಡು ಸಲ ಸುಣ್ಣ ಹೊಡೆದ್ರೂ ಹೋಗ್ಲಿಲ್ಲ.

ಶಾಖದ ಪಾಠ ಮುಗೀಲಿಲ್ಲ. ನಾನು ಲೋಟ ಕೊಟ್ಟ ತಕ್ಷಣ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ಇದು ನೂರ ಎಂಬತ್ತರ ನೀರು" ಅನ್ನೋರು. ಮಾರನೇ ದಿನ, "ಕುದಿಸಿ ಕೆಡಿಸಿದೀಯ, ಇದು ಇನ್ನೂರ ಹತ್ತು." ಅಲ್ಲಾ, ನಾಲಿಗೇಲಿ ಏನು ಗೆರೆ ಬರ್ಕೊಂಡಿದ್ರಾ? ಒಂದಿನ ಬೇಕಂತ್ಲೇ ನಿನ್ನೆದೇ ಡಿಕಾಕ್ಷನ್ ಬಿಸಿ ಮಾಡಿ ಕೊಟ್ಟೆ. "ಹಾಂ, ಇವತ್ತು ಸರಿಯಾಗಿ ಇನ್ನೂರು" ಅಂದ್ರು. ನಂಗೆ ಮೈ ಉರೀತು. ಇವರ ಇನ್ನೂರು ಎಷ್ಟು ಅಂತ ಇವರದೇ ಥರ್ಮಾಮೀಟ್ರು ಕಡ್ಡೀಲಿ ಅಳೆದು ತೋರಿಸ್ತೀನಿ ಅಂತ ತೀರ್ಮಾನ ಮಾಡ್ದೆ.

ಇಲ್ಲೇ ನಾನು ಕೆಟ್ಟಿದ್ದು. ಹುಳದ ಕೋಣೆ ಥರ್ಮಾಮೀಟ್ರು ಅಂದ್ರೆ ನೂರ ಇಪ್ಪತ್ತರವರ್ಗೇ ಗೆರೆ ಇರೋದು. ಹುಳಕ್ಕೆ ಬೇಕಾದ್ದು ಎಪ್ಪತ್ತಾರು, ಅದಕ್ಕೆ ಅಷ್ಟು ಸಾಕು. ನಂಗೆ ಗೆರೆ ಕಂಡಿತ್ತು, ಬುದ್ಧಿ ಕಾಣ್ಲಿಲ್ಲ. ಯಜಮಾನ್ರು ತೋಟಕ್ಕೆ ಹೋಗಿದ್ರು. ಸೆರಗಲ್ಲಿ ಮುಚ್ಕೊಂಡು ತಂದು, ಕುದೀತಿದ್ದ ಪಾತ್ರೇಲಿ ಅದ್ದಿದೆ. ಕೆಂಪು ನೀರು ಕಣ್ಣೆದುರಿಗೇ ಸರ್ರ್ ಅಂತ ಏರ್ತು. ಟಪ್! ತುದಿ ಒಡೆದು ಪಾತ್ರೆ ತುಂಬಾ ಕೆಂಪು. ಪಾತ್ರೆ ಸಮೇತ ಆ ನೀರು ತಿಪ್ಪೆಗೆ ಎಸೆದು, ಒಡೆದ ಗಾಜು ಕೈಲಿ ಹಿಡ್ಕೊಂಡು ಒಲೆ ಮುಂದೆ ಕೂತ್ಬಿಟ್ಟೆ.

ಎಂಥಾ ಹೊತ್ತಲ್ಲಿ ಅಂತ ಕೇಳಿ. ಹುಳ ಗೂಡು ಕಟ್ಟೋ ಮುಂಚೆ ನಾಲ್ಕು ಸಲ ತಿನ್ನೋದು ಬಿಟ್ಟು ಮಲಗಿ ಚರ್ಮ ಕಳಚುತ್ವೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಮ್ಮವು ಮೂರನೇ ಜ್ವರದಿಂದ ಎದ್ದಿದ್ವು. ಮಾಗಿ ಚಳಿ ಬೇರೆ. ಕೋಣೆ ತಣ್ಣಗಾದ್ರೂ ಕಷ್ಟ, ಕಾದ್ರೂ ಕಷ್ಟ. ಇದು ಇಲಾಖೆಯೋರು ಪರೀಕ್ಷೆಗೆ ಅಂತ ಇಡ್ಸಿದ್ದ ಬೆಳೆ. ದಿನಕ್ಕೆ ಮೂರು ಸಲ ಶಾಖ ನೋಡಿ ಪುಸ್ತಕದಲ್ಲಿ ಬರೀಬೇಕು. ಗೂಡು ಚೆನ್ನಾಗಿ ಬಂದು, ಪುಸ್ತಕ ಸರಿಯಾಗಿದ್ರೆ, ಯಜಮಾನ್ರಿಗೆ ಶಿಡ್ಲಘಟ್ಟದಲ್ಲಿ ಇಲಾಖೆ ಕೆಲಸ. ಕೆಲಸ ಸಿಕ್ರೆ ಶಿಡ್ಲಘಟ್ಟದಲ್ಲಿ ಮನೆ. ಮನೆ ಅಂದ್ರೆ ನಂಗೆ ನಂದೇ ಅಂತ ಒಂದು ಅಡುಗೆಮನೆ. ಅದೆಲ್ಲಾ ತಿಪ್ಪೇಲಿ ಕೆಂಪಗೆ ಬಿದ್ದಿತ್ತು.

ಅತ್ತೆ ಬಂದು ನೋಡಿದ್ರು. ಬೈತಾರೆ ಅನ್ಕೊಂಡೆ. ಅವರಿಗೆ ಆ ಥರ್ಮಾಮೀಟ್ರು ಕಂಡ್ರೇ ಆಗ್ತಿರ್ಲಿಲ್ಲ, "ಗೋಡೇಲಿ ಹೊಸ ದೇವ್ರು ಬಂದೈತೆ, ದಿನಾ ಮೂರು ಪೂಜೆ" ಅಂತ ಆಡ್ಕೊಳ್ಳೋರು. ಗಾಜು ತಿರುಗಿಸಿ ನೋಡಿ, "ಹೋಯ್ತಾ ದೇವ್ರು?" ಅಂದ್ರು.

"ಹೋಯ್ತು ಅತ್ತೆ. ಅವರಿಗೆ ಏನ್ ಹೇಳ್ಲಿ?"

"ಏನೂ ಹೇಳ್ಬೇಡ. ಈ ಕಡ್ಡಿ ಬರೋ ಮುಂಚೆ ಇಪ್ಪತ್ತು ವರ್ಷ ಹುಳ ಯಾರು ಸಾಕಿದ್ರು, ಇದರಪ್ಪನಾ?" ಅಂದ್ರು. ಆಮೇಲೆ ದನಿ ತಗ್ಗಿಸಿ, "ಹುಳದ ಶಾಖ ನಾನು ನೋಡ್ಕೋತೀನಿ. ಗೋಡೇದು ನೀನು ನೋಡ್ಕೋ. ಆದ್ರೆ ಒಂದು ಮಾತು. ಇನ್ಮೇಲೆ ಬೆಳಿಗ್ಗೆ ನಂಗೆ ಪಾತ್ರೇಲಿ ಕಾಯ್ಸಿದ ಬೆಲ್ಲದ ಕಾಫಿ. ದೊಡ್ಡ ಲೋಟ. ಇನ್ನೂರು ಗಿನ್ನೂರು ಬೇಡ."

ನನ್ನ ಮದುವೆ ಸೀರೆ ಕುಚ್ಚಿಂದ ಒಂದು ಕೆಂಪು ರೇಷ್ಮೆ ನೂಲು ಕಿತ್ಕೊಂಡೆ. ಒಡೆದ ಕೊಳವೆ ತೆಗೆದು, ಹಲಗೆ ಮೇಲೆ ಅದಿದ್ದ ಕಡೆ ಗಂಜಿ ಹಚ್ಚಿ, ಕೆಳಗಿಂದ ಎಪ್ಪತ್ತಾರರ ಗೆರೆವರ್ಗೂ ನೂಲು ಅಂಟಿಸಿದೆ. ಮೊದಲಿದ್ದ ಜಾಗಕ್ಕಿಂತ ಎರಡು ಗೇಣು ಮೇಲೆ, ಕತ್ತಲೆ ಇರೋ ಮೂಲೇಲಿ ನೇತು ಹಾಕಿದೆ. ಯಜಮಾನ್ರಿಗೆ ದೂರದ್ದು ಮಸಕು. ಕನ್ನಡಕ ಹಾಕಿದ್ರೆ ವಯಸ್ಸಾದೋನ ಥರ ಕಾಣ್ತೀನಿ ಅಂತ ಜಂಬ. ಬಾಗಿಲಲ್ಲೇ ನಿಂತು ಗದ್ದ ಮೇಲೆತ್ತಿ, "ಎಷ್ಟೇ ಅದು, ಎಪ್ಪತ್ತಾರಾ?" ಅನ್ನೋರು. "ಹೂಂ, ಸರಿಯಾಗಿ ಎಪ್ಪತ್ತಾರು" ಅಂತ ನಾನು. ಬರ್ಕೊಳ್ಳೋರು. ಬೆಳಿಗ್ಗೆ ಎಪ್ಪತ್ತಾರು, ಮಧ್ಯಾಹ್ನ ಎಪ್ಪತ್ತಾರು, ಸಂಜೆ ಎಪ್ಪತ್ತಾರು. ಅತ್ತೆ ಮಾತ್ರ ಗಳಿಗೆಗೊಂದು ಸಲ ಒಳಗೆ ಹೋಗಿ, ರವಿಕೆ ತೋಳು ಮೇಲೇರಿಸಿ, ಮೊಣಕೈ ಒಳಭಾಗ ಹುಳದ ತಟ್ಟೆಗಳ ಹತ್ರ ಹಿಡಿದು ನಿಂತ್ಕೊಳ್ಳೋರು. "ಎರಡು ಕೆಂಡ ಹಾಕು", "ಕಿಟಕಿ ಒಂದು ಬೆರಳು ತೆಗಿ". ಅಷ್ಟೇ ಮಾತು. ಹುಳಗಳು ಮಳೆ ಸುರಿದಂಗೆ ಸದ್ದು ಮಾಡ್ಕೊಂಡು ಸೊಪ್ಪು ತಿಂತಿದ್ವು. ನಂಗೆ ಮಾತ್ರ ಹನ್ನೆರಡು ದಿನ ಅನ್ನ ಸೇರ್ಲಿಲ್ಲ.

ಹುಳ ಹಣ್ಣಾಗಿ, ಚಂದ್ರಿಕೆ ಅನ್ನೋ ಬಿದಿರು ತಟ್ಟಿ ಮೇಲೆ ಗೂಡು ಕಟ್ಟಿದ್ವು. ಬಿಳಿ ಅಲ್ಲ, ನಮ್ಮ ಕಡೆಯ ಹಸಿರು ಹಳದಿ ಗೂಡು, ಒಂದೊಂದೂ ಗಟ್ಟಿ. ಇಲಾಖೆ ಇನ್ಸ್‌ಪೆಕ್ಟ್ರು ಬಂದ್ರು. ಗೂಡು ಕೈಲಿ ಹಿಡ್ಕೊಂಡು ಅಲ್ಲಾಡ್ಸಿದ್ರು, ಖುಷಿಪಟ್ರು. ಆಮೇಲೆ ಪುಸ್ತಕ ತೆಗೆದ್ರು. ಹಾಳೆ ತಿರುಗಿಸ್ತಾ ತಿರುಗಿಸ್ತಾ ಹುಬ್ಬು ಮೇಲೆ ಹೋಯ್ತು.

"ಏನಪ್ಪಾ ಇದು, ಹನ್ನೆರಡು ದಿನ ಒಂದು ಡಿಗ್ರೀನೂ ಆಚೀಚೆ ಇಲ್ಲ? ನಮ್ಮ ಆಫೀಸಲ್ಲೇ ಇಷ್ಟು ನಿಲ್ಲಲ್ಲ. ಎಲ್ಲಿ, ಥರ್ಮಾಮೀಟ್ರು ತೋರ್ಸು."

ಯಜಮಾನ್ರು ಎದೆ ಉಬ್ಬಿಸ್ಕೊಂಡು ಕೋಣೆ ತೋರಿಸಿದ್ರು. ನಾನು ಅತ್ತೆ ಮುಖ ನೋಡಿದೆ. ಅತ್ತೆ ಗಟ್ಟಿಯಾಗಿ, "ಲೇ, ಕುರ್ಚಿ ತಂದು ಹಾಕೋ ಸಾಹೇಬ್ರಿಗೆ!" ಅಂತ ಮಗನ್ನ ಹೊರಗೆ ಓಡಿಸಿದ್ರು. ಇನ್ಸ್‌ಪೆಕ್ಟ್ರಿಗೆ ಕನ್ನಡಕ ಇತ್ತು, ಎತ್ತರಾನೂ ಇದ್ರು. ಹಲಗೆ ಕೆಳಗಿಳಿಸಿದ್ರು. ಬೆರಳಲ್ಲಿ ನೂಲು ಮುಟ್ಟಿದ್ರು. ಉಗುರಲ್ಲಿ ಸ್ವಲ್ಪ ಎಬ್ಬಿಸಿ ನೋಡಿದ್ರು. ನನ್ನ ಜೀವ ಆ ಉಗುರಲ್ಲಿತ್ತು. ಅವರು ನನ್ನ ನೋಡಿದ್ರು, ರವಿಕೆ ತೋಳು ಇನ್ನೂ ಮೇಲೇರಿಸ್ಕೊಂಡೇ ನಿಂತಿದ್ದ ಅತ್ತೇನ ನೋಡಿದ್ರು, ಗೂಡು ತುಂಬಿದ ಚಂದ್ರಿಕೆ ನೋಡಿದ್ರು. ಹಲಗೆ ಇದ್ದಲ್ಲೇ ನೇತು ಹಾಕಿದ್ರು. ಯಜಮಾನ್ರು ಕುರ್ಚಿ ತರೋ ಮುಂಚೆ ನನ್ನ ಹತ್ರ ಬಗ್ಗಿ ಮೆಲ್ಲಗೆ ಅಂದ್ರು, "ಅಮ್ಮಾ, ಮುಂದಿನ ಸಲ ಬೆಳಿಗ್ಗೆ ಒಂದು ಗೆರೆ ಕೆಳಗೆ, ಮಧ್ಯಾಹ್ನ ಒಂದು ಗೆರೆ ಮೇಲೆ ಅಂಟಿಸಿ. ಇಷ್ಟು ಸರಿಯಾಗಿದ್ರೆ ಯಾರೂ ನಂಬಲ್ಲ."

ಆಮೇಲೆ ಕೂತು ಅತ್ತೆಯ ಬೆಲ್ಲದ ಕಾಫಿ ಎರಡು ಲೋಟ ಕುಡಿದ್ರು. ಎಷ್ಟು ಡಿಗ್ರಿ ಅಂತ ಕೇಳ್ಲಿಲ್ಲ.

ಕೆಲಸ ಸಿಕ್ತು, ಶಿಡ್ಲಘಟ್ಟಕ್ಕೆ ಹೋದ್ವಿ, ನಂಗೆ ಅಡುಗೆಮನೆ ಸಿಕ್ತು. ಹೊರಡೋ ದಿನ ಅತ್ತೆ ಆ ಹಿತ್ತಾಳೆ ಫಿಲ್ಟ್ರನ್ನ ನನ್ನ ಗಂಟಿಗೆ ಸೇರಿಸಿ, "ತಗೊಂಡ್ಹೋಗು, ಪೀಡೆ ತೊಲಗ್ಲಿ" ಅಂದ್ರು. ಯಜಮಾನ್ರು ರಿಟೈರ್ ಆಗೋವರ್ಗೂ ಊರೂರಲ್ಲಿ ರೈತರನ್ನ ಕೂರಿಸ್ಕೊಂಡು, "ನಮ್ಮನೇಲಿ ಹನ್ನೆರಡು ದಿನ ಎಪ್ಪತ್ತಾರು ನಿಲ್ಸಿದ್ವಿ, ಯಾಕೆ ಆಗಲ್ಲ ನಿಮ್ಕೈಲಿ?" ಅಂತ ಬೈತಿದ್ರು. ಪಾಪ ಆ ರೈತರು. ಎಷ್ಟೋ ಸಲ ಹೇಳ್ಬಿಡಣ ಅನ್ಕೊಂಡೆ. ಯಜಮಾನ್ರು ತೀರ್ಕೊಳ್ಳೋವರ್ಗೂ ಹೇಳ್ಲಿಲ್ಲ. ಅಷ್ಟು ಚೆನ್ನಾಗಿ ಹೇಳೋರು ಆ ಕತೇನ, ಕೆಡಿಸೋಕೆ ಮನಸ್ಸು ಬರ್ಲಿಲ್ಲ.

ಈಗ ಚೈತ್ರನ ಯಂತ್ರಕ್ಕೆ ಬರಣ. ಹದಿನೈದು ದಿನದ ಹಿಂದೆ ಅವಳು ಕ್ಲಿನಿಕ್ಕಿಗೆ ಹೋದಾಗ, ಪಳಪಳ ಅನ್ಲಿ ಅಂತ ಅದನ್ನ ಹುಣಸೆಹಣ್ಣು ಹಾಕಿ ತಿಕ್ಕಿದೆ. ಹಿತ್ತಾಳೆಗೆ ಮಾಡ್ದಂಗೆ. ಶಾಖದ ಗಡಿಯಾರದ ಗಾಜು ಕೈಗೇ ಬಂತು, ಮುಳ್ಳು ಸೋತು ಕೆಳಗೆ ಬಿತ್ತು. ಮುಳ್ಳನ್ನ ಸೀರೆ ಪಿನ್ನಲ್ಲಿ ತೊಂಬತ್ತಮೂರಕ್ಕೆ ತಳ್ಳಿ ನಿಲ್ಸಿದೆ, ಗಾಜು ಹಂಗೇ ಒತ್ತಿ ಕೂರಿಸಿದೆ. ಅವತ್ತಿಂದ ಅವಳು ಏಳೋ ಮುಂಚೆ ನಾನೆದ್ದು ಯಂತ್ರ ಹಾಕಿರ್ತೀನಿ, ಲೋಟದ ಮೇಲೆ ಮೊಣಕೈ ಹಿಡಿದು ನೋಡ್ತೀನಿ. ನಿನ್ನೆ ಅವಳು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಥೇಟ್ ಅವರ ತಾತನ ಥರ, "ಅಜ್ಜಿ, ಈಗೀಗ ಟೆಂಪರೇಚರ್ ಎಷ್ಟು ಕರೆಕ್ಟಾಗಿ ನಿಲ್ತಿದೆ ನೋಡು!" ಅಂದ್ಳು.

ನಂಗೆ ಭಯ ಆಗಿದ್ದು ಆ ಕರೆಕ್ಟ್ ಅನ್ನೋ ಮಾತಿಗೆ. ಇನ್ಸ್‌ಪೆಕ್ಟ್ರು ಹೇಳಿದ್ದು ನಾನೇ ಮರ್ತಿದ್ದೆ. ಅದಕ್ಕೇ ಇವತ್ತು ಬೆಳಿಗ್ಗೆ ಮುಳ್ಳನ್ನ ಒಂದು ಗೆರೆ ಕೆಳಗೆ ತಳ್ಳಿದೀನಿ, ಸಂಜೆ ಒಂದು ಗೆರೆ ಮೇಲೆ ತಳ್ಬೇಕು. ಇದನ್ನ ಬರೆದು ಮುಗಿಸಿದ ಮೇಲೆ ಹೊಳೀತು, ನಾನು ಬರೆದಿದ್ದನ್ನ ತಿದ್ದಿ ಕೊಡೋಳೂ ಚೈತ್ರನೇ. ಆದ್ರೂ ಸಂಜೆ ಆಗ್ತಾ ಬಂತು, ಪಿನ್ನು ಎಲ್ಲಿಟ್ಟೆ ಅಂತ ಹುಡುಕ್ತಿದೀನಿ.